ರೊಟ್ಟಿ ಒಲಿ ಮಗ್ಗಲದ ತತ್ತಿ

ಬಸರಿ ಮಗಳ ಕುಬಸಕ್ಕ ಸವದತ್ತಿಗೆ ಖಡಕ್ ರೊಟ್ಟಿ ಒಯ್ಯೋದಿತ್ತು. ಓಣಿ ಹೆಣ್ಮಕ್ಕಳೆಲ್ಲ ನಮ್ಮ ಮನ್ಯಾಗ ಕುಂತು ರೊಟ್ಟಿ ಬಡದ್ರು. ಮುಂಜಾನಿಂದ ಸಂಜಿತನಕ ಒಲಿ ಆರಲಿಲ್ಲ. ಒಲಿ ಮಗ್ಗಲದ ಗ್ವಾಡ್ಯಾಗಿನ ಮಾಡದಾಗ ಹ್ಯಾಟಿ ಕೋಳಿ ಕಾವಿಗೆ ಕುಂತಿತ್ತು. ಬೆಕ್ಕಿನ ಕಾಟಕ್ಕ ಬುಟ್ಟಿ ಅಲ್ಲೇ ಇಡೋದು ನಮ್ಮ ರೂಢಿ. ಆ ಝಳಕ್ಕ ತತ್ತಿ ಒಣಗ್ತಾವ ಅಂತ ಯಾರಿಗೂ ಹೊಳೀಲಿಲ್ಲ. ರೊಟ್ಟಿ ಬಡ್ಯೂ ಮುಂದ ಕೋಳಿ ಯಾರು ನೆನಸ್ತಾರ?

ಮರುದಿನ ಮರಿ ಹೊರಗ ಬಂದ್ವು. ಒಂದು ತತ್ತಿ ಮಾತ್ರ ಸಣ್ಣ ತೂತು ಬಿದ್ದು ಹಂಗ ಉಳೀತು. ಒಳಗ ಚಿಂವ್ ಚಿಂವ್ ಅನ್ನತಿತ್ತು. ಸೊಸಿ ಮೊಬೈಲ್ ಬೆಳಕ ಹಿಡದು ನೋಡಿದ್ಲು. ಹ್ಯಾಟಿ ಆಕಿ ತನ್ನ ತವರಮನಿ ಸುರೇಬಾನದಿಂದ ತಂದದ್ದು.

"ಅತ್ತಿ, ಕೊಕ್ಕ ಕಾಣ್ತೈತ್ರಿ. ಜಗ್ಗಿ ತಗೀಲೇನ್ರಿ?"

"ಜಗ್ಗಾಕ ಅದೇನ ಸೇಂಗಾ ಗಿಡ ಏನವಾ? ರಕ್ತ ಬಂದ್ರ ಸಾಯತೈತಿ."

"ಹಂಗಾರ ಸುಮ್ಮ ನೋಡ್ಕೊಂತ ಕುಂದ್ರಬೇಕೇನ್ರಿ?"

ಹಂಗೂ ಕುಂದ್ರಾಕ ಬರ್ತಿದ್ದಿಲ್ಲ. ಹುಟ್ಟಿದ ಮರಿ ಗದ್ದಲ ಹಚ್ಚಿದ್ವು. ಹ್ಯಾಟಿ ಅವನ್ನ ಕರಕೊಂಡು ಇಳದಿತಂದ್ರ ಈ ತತ್ತಿ ಥಣ್ಣಗಾಗಿ ಒಳಗಿನ ಜೀವ ಹೋಗತಿತ್ತು.

ಒಳಗಿನ ಪೊರಿ ಒಣಗಿ ಮರಿ ಮೈಗೆ ಅಂಟಿತ್ತು. ಹಳೇ ಸೀರಿ ಚೂರು ಬೆಚ್ಚನ್ನ ನೀರಾಗ ಎದ್ದಿ, ಹಿಂಡಿ, ಕೊಕ್ಕ ಬಿಟ್ಟು ತತ್ತಿಗೆ ಸುತ್ತಿದೆ. ಪೊರಿ ಮೆತ್ತಗಾದ ಮ್ಯಾಲ ಉಗರಲೆ ಒಂದು ಚೂರು ಚಿಪ್ಪು ತಗದೆ. ಕೆಂಪಗ ರಕ್ತದ ಎಳಿ ಕಂಡ ಕೂಡ್ಲೆ ನಿಲ್ಲಿಸಿ, ತತ್ತಿ ಹೊಳ್ಳಿ ಹ್ಯಾಟಿ ಹೊಟ್ಟಿ ಬುಡಕ ಇಟ್ಟೆ. ಹ್ಯಾಟಿ ನನ್ನ ಕೈ ಕುಕ್ಕಿತು.

"ಸೂಲಗಿತ್ತಿಗೆ ಆಯೇರಿ ಕೊಡ್ತು ನೋಡ್ರಿ," ಅಂತ ಸೊಸಿ ನಕ್ಕಳು.

ಚಾ ಕುಡದು ಬಂದು ನೋಡಿದ್ರ ಆ ಎಳಿ ಒಣಗಿತ್ತು. ಮತ್ತೊಂದು ಚೂರು ತಗದೆ. ತಲಿ ಹೊರಗ ಬಂತು. ಉಳಿದದ್ದು ತಾನ ಒದ್ದು ಬರಲಿ ಅಂತ ಬಿಟ್ಟೆ. ಸೊಸಿ ಮತ್ತ ಮತ್ತ ಕೈ ಚಾಚಾಕ ಹತ್ತಿದ್ಲು.

"ಜ್ವಾಳ ತಗೊಂಡು ಗಿರಣಿಗೆ ಹೋಗು. ಇಲ್ಲಿದ್ರ ನಿನ್ನ ಕೈ ಸುಮ್ಮ ಇರೂದಿಲ್ಲ."

ಆಕಿ ಹಿಟ್ಟು ಬೀಸಿಕೊಂಡು ಬರೂದ್ರಾಗ ಮರಿ ಚಿಪ್ಪು ಬಿಟ್ಟು ಬಂದಿತ್ತು. ನೋಡಾಕೇನ ಚಂದ ಇರಲಿಲ್ಲ, ತೊಯ್ದ ಅರಬಿ ಹಂಗ ಬಿದ್ದಿತ್ತು. ಹ್ಯಾಟಿ ರೆಕ್ಕಿ ಒಳಗ ದೂಡಿದೆ.

ಮುಂಜಾನಿ ಬುಟ್ಟಿ ಕೆಳಗ ಇಟ್ಟೆ. ಹ್ಯಾಟಿ ಹೊರಗ ನಡೀತು, ಮರಿ ಬೆನ್ನು ಹತ್ತಿದ್ವು. ಕಡೀಗೆ ಹುಟ್ಟಿದ್ದು ಎಡವಿ ಬಿತ್ತು. ಸೊಸಿ ಎತ್ತಾಕ ಹೋದ್ಲು, ಆಕಿ ಸೆರಗ ಹಿಡದೆ. ಮರಿ ಎದ್ದು ಓಡಿತು. ಕುಬಸದ ಗಂಟ ಕಟ್ಟೂ ಮುಂದ ಮುರದ ರೊಟ್ಟಿ ಉಳಿದಿದ್ವು. ಪುಡಿ ಮಾಡಿ ಚೆಲ್ಲಿದೆ. ಎಲ್ಲಾ ಮರಿ ನಡುವ ನುಗ್ಗಿ ಮೊದಲ ಕೊಕ್ಕ ಹಾಕಿದ್ದು ಅದ ಮರಿ.