ಹೊಟ್ಟೆ ಹಗುರಾದ ದಿನ

ನಮ್ಮ ವಠಾರದಲ್ಲಿ ಪೀರಮ್ಮನ ಕೈಗೆ ಹೊಟ್ಟೆ ಒಪ್ಪಿಸದವಳು ನಾನೊಬ್ಬಳೇ. ನಂಬಿಕೆ ಇರಲಿಲ್ಲ ಅಂತಲ್ಲ, ನನಗೆ ಕಚಗುಳಿ ಜಾಸ್ತಿ. ಹೊರಮಾವಿನಲ್ಲಿ ನಮ್ಮತ್ತೆ ಮುನಿವೆಂಕಟಮ್ಮ ಶೀಟಿನ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಭೀಮಾಶಂಕರ ಮತ್ತು ಅವನ ಹೆಂಡತಿ ಪೀರಮ್ಮ ಅವುಗಳಲ್ಲಿ ಒಂದರಲ್ಲಿ ಇದ್ದರು.

ಇಟ್ಟಿಗೆ ಹೊರುವವರಿಗೆ ಹೊಟ್ಟೆನೋವು ಬಂದರೆ ಅವರ ಕಡೆ ಹೇಳುವುದು ಒಂದೇ ಮಾತು, ಬಟ್ಟಿ ಸರಿದಿದೆ. ಭಾರ ಎತ್ತಿದಾಗ ಹೊಕ್ಕುಳದ ಒಳಗಿನ ಮಿಡಿತ ಜಾಗ ಬಿಟ್ಟು ಜಾರುತ್ತದಂತೆ, ಅದನ್ನು ತಿಕ್ಕಿ ವಾಪಸು ತರಬೇಕಂತೆ. ಪೀರಮ್ಮ ನೋವಿನವರನ್ನು ಅಂಗಾತ ಮಲಗಿಸಿ, ಹರಳೆಣ್ಣೆ ಹಚ್ಚಿ, ಹೆಬ್ಬೆರಳೂರಿ ಮಿಡಿತ ಹುಡುಕುವಳು. ಸಿಕ್ಕ ಕಡೆಯಿಂದ ಅದನ್ನು ನಡುವಿಗೆ ತಳ್ಳುವಳು. ಆಮೇಲೆ ಓಮದ ಕಾಳು ಅಗಿಸಿ ಬಿಸಿನೀರು ಕುಡಿಸುವಳು. ಬಹಳ ಜನಕ್ಕೆ ವಾಸಿಯಾಗುತ್ತಿತ್ತು. ಗ್ಯಾಸು ಹೋಗಿ ವಾಸಿಯಾಗುತ್ತಿತ್ತೋ, ಅವಳ ಬೈಗುಳಕ್ಕೆ ಹೆದರಿ ವಾಸಿಯಾಗುತ್ತಿತ್ತೋ, ನನಗಂತೂ ತಿಳಿಯದು.

ಒಂದು ಶನಿವಾರ ಭೀಮಾಶಂಕರನೇ ಹೊಟ್ಟೆ ಹಿಡಿದುಕೊಂಡು ಕೆಲಸದಿಂದ ಬಂದ. ಹೊಕ್ಕುಳದ ಸುತ್ತ ನೋವು, ವಾಂತಿ. ಅವಳು ಮೆಲ್ಲಗೆ ತಿಕ್ಕಿ ಮಲಗಿಸಿದಳು. ಬೆಳಿಗ್ಗೆ ನೋವು ಬಲಗಡೆ ಕೆಳಹೊಟ್ಟೆಗೆ ಇಳಿದಿತ್ತು. ಮೈ ಬಿಸಿಯಾಗಿತ್ತು, ಕಾಲು ಚಾಚಲು ಆಗುತ್ತಿರಲಿಲ್ಲ.

"ಬಟ್ಟಿ ಬಲಕ್ಕ ಸರದದ," ಎಂದವಳೇ ಪೀರಮ್ಮ ಎರಡೂ ಅಂಗೈ ಊರಿ, ಮೈಭಾರವೆಲ್ಲ ಹಾಕಿ ತಳ್ಳಿದಳು. ಅವನು ಕೂಗಿದ ಕೂಗಿಗೆ ವಠಾರವೇ ಬಾಗಿಲಿಗೆ ಬಂದು ನಿಂತಿತು. ಸ್ವಲ್ಪ ಹೊತ್ತಿಗೆ ಅವನ ಮುಖ ಸಡಿಲವಾಯಿತು.

"ಹಗುರಾತು," ಎಂದ. ಚಹಾ ಕೇಳಿ ಕುಡಿದ. ಪೀರಮ್ಮ ನಕ್ಕಳು. "ನಿನ್ನ ಕೈಯಾಗೆ ಏನೋ ಐತೆ ಕಣಮ್ಮಿ," ಎಂದು ನಮ್ಮತ್ತೆ ಹೊಗಳಿದರು. ಜನ ಚದುರಿದರು.

ನಾನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇದ್ದೆ. ಪೀರಮ್ಮ ಎಣ್ಣೆ ಕೈಯಲ್ಲೇ ಬಂದು ನಿಂತಳು.

"ಅಕ್ಕಾ, ಬಟ್ಟಿ ಕುಂತಿಲ್ರಿ."

"ನೋವು ಹೋಯ್ತಲ್ಲ?"

"ಹೋಗ್ಯಾದ. ಆದ್ರ ಮತ್ತ ಮುಟ್ಟಿ ನೋಡಿದ್ರ ಕೈಗೆ ಏನೂ ಹತ್ತವಲ್ದು. ಹೊಟ್ಟಿ ಹಲಗಿ ಆದಂಗ ಆಗ್ಯಾದ. ನನಗ ಅಂಜಿಕಿ ಆಗ್ಲಾಕತ್ಯಾದ್ರಿ."

ಯಾರ ಹೊಟ್ಟೆಯ ವಿಷಯಕ್ಕೂ ಅವಳು ಅಂಜಿದ್ದನ್ನು ನಾನು ಕಂಡಿರಲಿಲ್ಲ. ಹೋಗಿ ಮುಟ್ಟಿದೆ. ನಿಜವಾಗಿಯೂ ಹಲಗೆಯೇ. ಆಸ್ಪತ್ರೆಗೆ ಹೊರಡಿ ಎಂದೆ. "ಕಡಿಮಿ ಆದಮ್ಯಾಲ ದವಾಖಾನಿ ಯಾಕ?" ಎಂದು ಭೀಮಾಶಂಕರ ವಾದಿಸಿದ. ವಾದ ಮುಗಿಯುವ ಮೊದಲೇ ಅವನಿಗೆ ಗಡಗಡ ನಡುಕ ಹತ್ತಿತು.

ಪಕ್ಕದ ಬೀದಿಯ ಇನಾಯತ್ ಉಲ್ಲಾ ಆಟೋ ತಂದ. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಮುಗಿಯುವಂತೆಯೇ ಕಾಣಲಿಲ್ಲ. ನನ್ನ ಮತ್ತು ಪೀರಮ್ಮನ ನಡುವೆ ಕೂತಿದ್ದ ಭೀಮಾಶಂಕರ ನರಳುತ್ತ ಅವಳ ಮೇಲೆ ವಾಲುತ್ತಿದ್ದ. ಅವಳು ಮಾತ್ರ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದಳು. ಅವನನ್ನು ಮುಟ್ಟಲೂ ಹೆದರಿದ್ದಳು.

"ಹೋಗ್ಬಿಡೋಣ ಇರಮ್ಮ, ದೇವ್ರಿದಾನೆ," ಎಂದ ಇನಾಯತ್ ಉಲ್ಲಾ.

ಶಿವಾಜಿನಗರದ ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆ ನೋಡಿ ಕೇಳಿದರು, "ಯಾರಾದ್ರೂ ಒತ್ತಿದ್ರಾ ಇದನ್ನ?"

ಪೀರಮ್ಮ, "ನಾನೇ ಒತ್ತೀನ್ರಿ," ಎಂದಳು.

"ಅಪೆಂಡಿಕ್ಸ್ ಒಡೆದಿರೋ ಹಾಗಿದೆ ಕಣಮ್ಮ. ಒಡೆದಾಗ ಸ್ವಲ್ಪ ಹೊತ್ತು ನೋವು ಕಮ್ಮಿ ಆಗತ್ತೆ, ಒಳಗೆ ಕೀವು ಹರಡ್ತಾ ಇರತ್ತೆ. ತಕ್ಷಣ ಆಪರೇಷನ್ ಮಾಡ್ಬೇಕು. ಉಳೀತಾರೆ ಅಂತ ಈಗ ಹೇಳಕ್ಕಾಗಲ್ಲ."

ಅವನನ್ನು ಒಳಗೆ ತಳ್ಳಿಕೊಂಡು ಹೋದರು. ಪೀರಮ್ಮ ಅಳಲಿಲ್ಲ. ಮುಚ್ಚಿದ ಬಾಗಿಲನ್ನೇ ನೋಡುತ್ತ ಹೇಳಿದಳು.

"ಅಕ್ಕಾ, ಹಗುರಾತು ಅಂದಾಗ ನಾ ನಕ್ಕಿನ್ರಿ."



ಭೀಮಾಶಂಕರ ಬದುಕಿದ. ವಾರ್ಡಿಗೆ ತಂದ ಮೇಲೂ ಅವಳು ಮಂಚದಿಂದ ಮಾರು ದೂರ ನಿಲ್ಲುತ್ತಿದ್ದಳು. ನೀರು ಕುಡಿಸುವುದು, ಮುಖ ಒರೆಸುವುದು ಎಲ್ಲ ನನ್ನ ಪಾಲಿಗೆ ಬಂತು. ನಾಲ್ಕೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಹೊಲಿಗೆಯ ನೋವಿಗೆ ಮುಖ ಕಿವುಚಿಕೊಂಡು ಅವನೇ ಅವಳನ್ನು ಕರೆದ.

"ಇಲ್ಲಿ ಬಾ. ಕೈ ಇಡು."

"ಒಲ್ಲೆ. ನನ್ನ ಕೈಲೇ ಒಡದದ ಅದು."

"ಗೊತ್ತದ. ನೀ ಡಾಕ್ಟರಗ ಹೇಳಿದ್ದು ನಾ ಅಲ್ಲೇ ಮಲ್ಕೊಂಡು ಕೇಳೀನಿ." ಪಟ್ಟಿಗಿಂತ ಮೇಲೆ, ಎದೆಯ ಹತ್ತಿರ ಜಾಗ ತೋರಿಸಿದ. "ಒತ್ತಬ್ಯಾಡ. ಸುಮ್ನ ಇಟ್ಗೊಂಡು ಕುಂದ್ರು."

ಅವಳು ಸೆರಗಿಗೆ ಕೈ ಒರೆಸಿಕೊಂಡು, ಮಂಚದ ಅಂಚಿಗೆ ಕೂತು, ಅವನು ತೋರಿಸಿದ ಕಡೆ ಅಂಗೈ ಇಟ್ಟಳು. ಆಗ ಅಳು ಬಂತು.