ಗಂಡನನ್ನು ಮರಕ್ಕೆ ಕಟ್ಟಿ ಹೋದ ಮಧ್ಯಾಹ್ನ

ನಾನು ಒಮ್ಮೆ ಗಂಡನನ್ನು ಮರಕ್ಕೆ ಕಟ್ಟಿಹಾಕಿದ್ದೇನೆ. ಮಾತಿಗೆ ಹೇಳುತ್ತಿಲ್ಲ. ಸೈಕಲ್ಲಿನ ಕ್ಯಾರಿಯರ್‌ಗೆ ಸಾಮಾನು ಬಿಗಿಯುವ ರಬ್ಬರ್ ಹಗ್ಗದಿಂದ, ಸ್ಪೇನ್ ದೇಶದ ಒಂದು ಕಾಲುವೆಯ ದಂಡೆಯಲ್ಲಿ, ಮಧ್ಯಾಹ್ನ ಮೂರು ಗಂಟೆಯ ಉರಿಬಿಸಿಲಿನಲ್ಲಿ. ಆಸ್ಟ್ರೇಲಿಯಾದ ಪರ್ತ್‌ಗೆ ವಾಪಸ್ ಬಂದು ನಮ್ಮ ಹ್ಯಾರಿಸ್‌ಡೇಲ್ ಬಡಾವಣೆಯ ಗೆಳತಿಯರಿಗೆ ಇದನ್ನು ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಂಥ ಹಗ್ಗ ಎಲ್ಲಿ ಸಿಗುತ್ತದೆ ಎಂದು ಒಬ್ಬಳು ಕೇಳಿಯೇಬಿಟ್ಟಳು. ನಾನೂ ನಕ್ಕೆ. ಪೂರ್ತಿ ಕತೆ ಮಾತ್ರ ಹೇಳಲಿಲ್ಲ.

ಇದು ಎರಡು ಸಾವಿರದ ಹದಿನೈದು, ಹದಿನಾರರ ಸುಮಾರಿನ ಮಾತು. ಇವರಿಗೆ ಸಕ್ಕರೆ ಕಾಯಿಲೆ ಬಂದು ನಾಲ್ಕು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ವೆಲ್ಷ್‌ಪೂಲ್‌ನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಏನು ಮಾಡಿದರೂ ಅತಿ. ಡಾಕ್ಟರು ಸ್ವಲ್ಪ ವ್ಯಾಯಾಮ ಮಾಡಿ ಎಂದದ್ದೇ ತಡ, ಮನೆಗೆ ಎರಡು ಟೂರಿಂಗ್ ಸೈಕಲ್ ಬಂದು ನಿಂತವು. ಎರಡನೆಯದು ನನಗಂತೆ. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

ಕೇಳದೆ ಮಾಡುವುದರಲ್ಲಿ ನಾನೇನು ಕಡಿಮೆಯವಳಲ್ಲ. ಆಸ್ಟ್ರೇಲಿಯಾಕ್ಕೆ ಬಂದ ಹೊಸದರಲ್ಲಿ, ಕಾಯಂ ವೀಸಾ ಬರದೆ ಒದ್ದಾಡುತ್ತಿದ್ದಾಗ, ವೆಂಕಟರಮಣನಿಗೆ ಹರಕೆ ಹೊತ್ತಿದ್ದೆ. ವೀಸಾ ಬಂದರೆ ನಮ್ಮ ಯಜಮಾನರು ಶನಿವಾರ ಒಪ್ಪತ್ತು ಮಾಡುತ್ತಾರೆ, ಒಂದೇ ಹೊತ್ತು ಉಣ್ಣುತ್ತಾರೆ ಅಂತ. ವೀಸಾ ಬಂತು. ದೇವರನ್ನೇ ನಂಬದ ಮನುಷ್ಯ ಮನೆ ಹಾರಿಹೋಗುವಂತೆ ಕೂಗಾಡಿದರು. "ನನ್ನ ಹೊಟ್ಟೆ ಮೇಲೆ ಹರಕೆ ಹೊರೋಕೆ ನಿಂಗ್ಯಾರೇ ಪವರ್ ಆಫ್ ಅಟಾರ್ನಿ ಕೊಟ್ಟಿದ್ದು?" ಒಂದು ವಾರ ಕೂಗಾಡಿ, ಆಮೇಲೆ ಶನಿವಾರ ಮಧ್ಯಾಹ್ನ ಉಂಡು ರಾತ್ರಿ ಒಂದು ಲೋಟ ಹಾಲು ಕುಡಿದು ಮಲಗುವುದನ್ನು ರೂಢಿ ಮಾಡಿಕೊಂಡರು. ಕಾಯಿಲೆ ಬಂದ ಮೇಲಾದರೂ ನಾನು ಹರಕೆ ಬಿಡಿಸಬೇಕಿತ್ತು. ಬಿಡಿಸಲಿಲ್ಲ. ಡಾಕ್ಟರಿಗೂ ಹೇಳಲಿಲ್ಲ, ದೇವರ ವಿಷಯದಲ್ಲಿ ಡಾಕ್ಟರಿಗೇನು ಕೆಲಸ ಎಂಬ ಧಿಮಾಕು ನನ್ನದು.

ರಜೆಗೆ ಸ್ಪೇನಿನಲ್ಲಿ ಸೈಕಲ್ ಪ್ರವಾಸ ಎಂದೂ ಇವರೇ ನಿಶ್ಚಯಿಸಿದರು. ಹೊರಡುವ ಮುಂಚೆ ಮಗಳು ಎರಡು ಪೊಟ್ಟಣ ಜೆಲ್ಲಿ ಮಿಠಾಯಿ ತಂದು ಅಪ್ಪನ ಚೀಲಕ್ಕೆ ಹಾಕಿದಳು. ಅವಳು ಜೂಂಡಲಪ್‌ನಲ್ಲಿ ನರ್ಸಿಂಗ್ ಓದುತ್ತಿದ್ದಳು. ಸಕ್ಕರೆ ದಿಢೀರನೆ ಇಳಿದರೆ ತಕ್ಷಣ ಬಾಯಿಗೆ ಹಾಕಲಿಕ್ಕೆ ಇವು. ನಾನು ಪೊಟ್ಟಣ ತಿರುವಿ ಓದಿದೆ. ಜೆಲಾಟಿನ್. ದನದ ಮೂಳೆ ಬೇಯಿಸಿ ತೆಗೆದದ್ದು.

"ಇದೆಲ್ಲ ನಮ್ಮನೇಲಿ ಆಗಲ್ಲ ಕಣೇ. ಬೆಲ್ಲ ತಗೊಂಡ್ ಹೋಗ್ತೀವಿ."

"ಅಮ್ಮಾ, ಇಟ್ಸ್ ನಾಟ್ ಫುಡ್. ಇಟ್ಸ್ ಮೆಡಿಸಿನ್!" ಎಂದಳು ಮಗಳು.

ಅವಳು ಆಚೆ ಹೋದ ಮೇಲೆ ಪೊಟ್ಟಣಗಳನ್ನು ತೆಗೆದು, ಡಬ್ಬಿಯಲ್ಲಿ ಅಚ್ಚುಬೆಲ್ಲ ಪುಡಿಮಾಡಿ ಇಟ್ಟೆ.

ಸ್ಪೇನಿನ ಆ ಭಾಗ ಅಂಗೈಯಷ್ಟು ಮಟ್ಟಸ. ಹಳೆಯ ಕಾಲದಲ್ಲಿ ಗೋಧಿ ಸಾಗಿಸಲು ತೋಡಿದ ಕಾಲುವೆ, ಅದರ ದಂಡೆಯ ಮಣ್ಣುದಾರಿ, ಪಕ್ಕಕ್ಕೆ ಪಾಪ್ಲರ್ ಮರಗಳ ಸಾಲು, ಆಚೆ ಕಣ್ಣು ಹೋದಷ್ಟು ದೂರ ಗೋಧಿ ಹೊಲ. ಸಂಜೆ ತಂಗುವುದು ಯಾವುದಾದರೂ ಪುರಾತನ ಪಟ್ಟಣದಲ್ಲಿ, ಕಲ್ಲುಕಂಬದ ಮೊಗಸಾಲೆ, ಆನೆ ಗಾತ್ರದ ಚರ್ಚು. ನಡುವೆ ಸಿಗುವುದೆಲ್ಲ ಮಣ್ಣುಗೋಡೆಯ ಸಣ್ಣ ಹಳ್ಳಿಗಳು. ತುಳಿದದ್ದು, ತಿಂದದ್ದು, ಬಟ್ಟೆ ಒಗೆದದ್ದು, ಮಲಗಿದ್ದು, ಇಷ್ಟರಲ್ಲೇ ನನಗೆ ವಾರ ಯಾವುದು ಎಂಬುದು ಮರೆತುಹೋಗಿತ್ತು. ನಿಜ ಹೇಳಬೇಕೆಂದರೆ ಸುಖವಾಗಿತ್ತು.

ಆ ದಿನ ಬೆಳಿಗ್ಗೆ ಚೀಲ ತೆಗೆದರೆ ಬೆಲ್ಲದ ಡಬ್ಬಿಯ ತುಂಬ ಇರುವೆ. ಕಸದ ತೊಟ್ಟಿಗೆ ಸುರಿದು, ಮುಂದಿನ ಊರಲ್ಲಿ ಏನಾದರೂ ಸಿಹಿ ಕೊಳ್ಳೋಣ ಎಂದೆ.

"ಬೆಲ್ಲ ಅಂತ ಜೆಲ್ಲಿ ಬಿಟ್ಟ್ ಬಂದೆ. ಈಗ ಅದೂ ಇಲ್ಲ, ಇದೂ ಇಲ್ಲ" ಎಂದರು ಇವರು.

"ಡಬ್ಬಿ ಮುಚ್ಚಳ ಸರಿಯಾಗಿ ಹಾಕ್ದೆ ಇರೋರು ಯಾರು?"

ಅಲ್ಲಿಂದ ಶುರುವಾದದ್ದು ಮದುವೆಯಲ್ಲಿ ಅವರ ಅಕ್ಕ ಆಡಿದ ಮಾತಿನವರೆಗೂ ಹೋಗಿ, ಇಬ್ಬರ ಬಾಯಿಗೂ ಬೀಗ ಬಿತ್ತು. ಇವರು ಒಂದು ತುಂಡು ಬ್ರೆಡ್ಡು, ಕಾಫಿ ಮುಗಿಸಿ ಸೈಕಲ್ ಹತ್ತಿದರು. ನಾನು ಐವತ್ತು ಮಾರು ಹಿಂದೆ ಉಳಿದು ತುಳಿದೆ.

ಮಧ್ಯಾಹ್ನ ಒಂದು ಹಳ್ಳಿಯ ಹೋಟೆಲ್ಲಿನಲ್ಲಿ ಕೂತೆವು. ನಾವು ತಿನ್ನಬಹುದಾದದ್ದು ಆಲೂಗಡ್ಡೆ ಹಾಕಿದ ಮೊಟ್ಟೆಯ ಆಮ್ಲೆಟ್ ಒಂದೇ. ಎರಡು ತಟ್ಟೆ ಬಂದವು. ಇವರು ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.

"ನಂಗ್ ಬೇಡ. ರಾತ್ರಿ ತಿಂತೀನಿ."

ಅನ್ನದ ಮೇಲೆ ಸಿಟ್ಟು ತೋರಿಸುತ್ತಿದ್ದಾರೆ ಎಂದುಕೊಂಡೆ. ನನ್ನ ಪಿತ್ತ ನೆತ್ತಿಗೇರಿತು. ಒಂದು ಸಲವೂ ಬಲವಂತ ಮಾಡಲಿಲ್ಲ. ಅವರ ಪಾಲನ್ನೂ ಅವರ ಎದುರಿಗೇ, ಅವರಿಗೆ ಕಾಣುವ ಹಾಗೆ, ನಿಧಾನವಾಗಿ ತಿಂದು ಮುಗಿಸಿದೆ. ಕೌಂಟರಿನ ಮೇಲೆ ಕಾಫಿಗೆ ಕೊಡುವ ಸಕ್ಕರೆ ಪೊಟ್ಟಣಗಳ ಬುಟ್ಟಿಯೇ ಇತ್ತಂತೆ. ಕೋಪದಲ್ಲಿ ನನ್ನ ಕಣ್ಣಿಗೆ ಅದೂ ಬೀಳಲಿಲ್ಲ. ಹೊರಗೆ ಬಂದಾಗ ಅಂಗಡಿಯ ಬಾಗಿಲು ಹಾಕಿತ್ತು. ಆ ದೇಶದಲ್ಲಿ ಎರಡರಿಂದ ಐದರವರೆಗೆ ಊರಿಗೆ ಊರೇ ನಿದ್ದೆ ಹೋಗುತ್ತದೆ.

ಒಂದು ಗಂಟೆ ತುಳಿದಿರಬಹುದು. ಮುಂದಿದ್ದ ಇವರ ಸೈಕಲ್ ಓಲಾಡತೊಡಗಿತು. ಮೊದಲು ನಾಟಕ ಎಂದುಕೊಂಡೆ. ಆಮೇಲೆ ಚಕ್ರ ನೀರಿನ ಅಂಚಿಗೆ ಹೋಯಿತು, ಸೈಕಲ್ ಒಂದು ಕಡೆ, ಇವರು ಒಂದು ಕಡೆ ಬಿದ್ದರು. ಓಡಿಹೋಗಿ ಹಿಡಿದೆ. ಅಂಗಿ ಒದ್ದೆಮುದ್ದೆ, ಅಷ್ಟು ಬಿಸಿಲಿನಲ್ಲೂ ಮೈ ತಣ್ಣಗೆ. ನನ್ನ ಮುಖ ನೋಡಿ, ಗುರುತಿಲ್ಲದವರನ್ನು ಕೇಳುವ ಹಾಗೆ ಕೇಳಿದರು.

"ಗೇಟ್ ಲಾಕ್ ಮಾಡಿದ್ರಾ? ಫೋರ್ಕ್‌ಲಿಫ್ಟ್ ಹೊರಗಡೆ ನಿಂತಿದೆ."

ಮನಸ್ಸಿನಲ್ಲಿ ವೆಲ್ಷ್‌ಪೂಲ್‌ನ ಕಾರ್ಖಾನೆಯಲ್ಲಿದ್ದರು ಅವರು. ಎದ್ದು ಗೇಟು ಹಾಕಲು ನೇರ ನೀರಿನ ಕಡೆಗೆ ಹೊರಟರು. ಎಳೆದೆ, ತಳ್ಳಿದರು. ಮತ್ತೆ ಎಳೆದೆ. ಚೀಲಗಳನ್ನೆಲ್ಲ ಬುಡಮೇಲು ಮಾಡಿದೆ, ಒಂದು ಬಿಸ್ಕತ್ತಿನ ಚೂರೂ ಇಲ್ಲ. ಫೋನಿನಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇಲ್ಲ. ದಾರಿಯ ಎರಡೂ ಕಡೆ ಒಂದು ನರಪಿಳ್ಳೆಯಿಲ್ಲ. ದೂರದಲ್ಲಿ ಗೋಧಿ ಹೊಲದ ಮೇಲೆ ಒಂದು ಚರ್ಚಿನ ಗೋಪುರ ಮಾತ್ರ ಕಾಣುತ್ತಿತ್ತು. ಅಲ್ಲಿಗೆ ಹೋಗಬೇಕು. ಹೋದರೆ ಇವರು ನೀರಿಗೆ ಬೀಳುತ್ತಾರೆ. ಹೋಗದಿದ್ದರೆ ಇಲ್ಲೇ ನನ್ನ ಕಣ್ಣೆದುರು ಹೋಗಿಬಿಡುತ್ತಾರೆ.

ಕಟ್ಟಿದೆ. ಪಾಪ್ಲರ್ ಮರಕ್ಕೆ ಬೆನ್ನು ಆನಿಸಿ ಕೂರಿಸಿ, ಸೊಂಟಕ್ಕೆ ಎರಡು ಸುತ್ತು ರಬ್ಬರ್ ಹಗ್ಗ ಬಿಗಿದು ಕೊಕ್ಕೆ ಹಾಕಿದೆ. "ರೀ, ಎಲ್ಲೂ ಹೋಗ್ಬೇಡಿ, ಬಂದ್ಬಿಟ್ಟೆ" ಎಂದೆ. ಅವರು ಗೇಟು, ಗೇಟು ಎನ್ನುತ್ತಿದ್ದರು.

ಮಟ್ಟಸ ನೆಲದಷ್ಟು ಮೋಸದ್ದು ಇನ್ನೊಂದಿಲ್ಲ. ಗೋಪುರ ಅಲ್ಲೇ ಇದೆ, ಕೈಚಾಚಿದರೆ ಸಿಗುತ್ತದೆ. ತುಳಿದಷ್ಟೂ ಅದು ಅಲ್ಲೇ ಇದೆ. ತಿರುಗಿ ನೋಡಿದರೆ ಎಲ್ಲ ಮರವೂ ಒಂದೇ ಥರ. ಯಾವ ಮರಕ್ಕೆ ಕಟ್ಟಿದೆ? ಗುರುತು ಇಟ್ಟುಕೊಂಡೆನಾ? ಕುತ್ತಿಗೆ ವಾಲಿ ಹಗ್ಗ ಎದೆಗೆ ಸರಿದರೆ? ವೆಂಕಟರಮಣಾ, ವೆಂಕಟರಮಣಾ ಎನ್ನುತ್ತಾ ತುಳಿದೆ. ಬಾಯಲ್ಲಿ ಆಮ್ಲೆಟ್ಟಿನ ತೇಗು ಬರುತ್ತಿತ್ತು, ಅದಕ್ಕೇ ಅಳು ಬಂತು.

ಹಳ್ಳಿಯಲ್ಲಿ ಎಲ್ಲ ಕಿಟಕಿಯೂ ಮುಚ್ಚಿತ್ತು. ಒಂದು ಬಾಗಿಲು ಬಡಿದೆ, ಇಲ್ಲ. ಎರಡನೆಯದು, ಇಲ್ಲ. ನಾಯಿಯೊಂದು ಬೊಗಳಿತು. ಮೂರನೆಯ ಬಾಗಿಲನ್ನು ಎರಡೂ ಕೈಯಿಂದ ಗುದ್ದುತ್ತಾ, ನಮ್ಮ ಬೀದಿಯಲ್ಲೇ ಇದ್ದೇನೆ ಎಂಬ ಹಾಗೆ, "ಯಾರಾದ್ರೂ ಬನ್ರೀ, ನಮ್ಮನೆಯವ್ರು ಹೋಗ್ಬಿಡ್ತಾರೆ" ಎಂದು ಕಿರುಚಿದೆ. ಮನೆಯಲ್ಲಿ ತೊಡುವ ಹೂವಿನ ಗೌನಿನಲ್ಲೇ ಒಬ್ಬ ಮುದುಕಿ ಬಾಗಿಲು ತೆಗೆದಳು. ಬೈಯಲು ಬಾಯಿ ತೆರೆದವಳಿಗೆ ನಾನು ಡಯಾಬಿಟಿಸ್, ಡಯಾಬಿಟಿಸ್ ಎಂದು ಕಾಲುವೆಯ ಕಡೆ ಕೈ ತೋರಿಸಿದೆ. ಅವಳು ಒಳಗೆ ಓಡಿದಳು. ಬರುವಾಗ ಕೈಯಲ್ಲಿ ಸಕ್ಕರೆ ಡಬ್ಬಿ, ಹಣ್ಣಿನ ರಸ, ಹಿಂದೆ ನಿದ್ದೆಗಣ್ಣಿನ ಗಂಡ, ಅವನ ಕೈಯಲ್ಲಿ ವ್ಯಾನಿನ ಕೀಲಿ.

ದಂಡೆಯ ಮೇಲೆ ವ್ಯಾನು ಕುಣಿಯುತ್ತಾ ಹೋಯಿತು. ಮೊದಲು ಕಂಡದ್ದು ಬಿದ್ದಿದ್ದ ಸೈಕಲ್. ಆಮೇಲೆ ಇವರು. ತಲೆ ಎದೆಯ ಮೇಲೆ ಬಿದ್ದಿತ್ತು. ವ್ಯಾನು ನಿಲ್ಲುವ ಮೊದಲೇ ಮುದುಕಿ ಇಳಿದಳು. ಅವಳು ಇವರ ದವಡೆ ಹಿಡಿದು, ತುಟಿಯ ಒಳಗೆ ಬೆರಳಿನಿಂದ ಸಕ್ಕರೆ ಉಜ್ಜಿದಳು. ಮತ್ತೆ ಉಜ್ಜಿದಳು. ಮಗುವಿಗೆ ಜೇನು ನೆಕ್ಕಿಸುವ ಹಾಗೆ ಏನೋ ಮಾತಾಡಿಸುತ್ತಾ ಉಜ್ಜುತ್ತಲೇ ಇದ್ದಳು. ಎಷ್ಟು ಹೊತ್ತೋ. ನಾನು ಪಕ್ಕದಲ್ಲಿ ಮಂಡಿಯೂರಿ ಅವರ ಗಂಟಲನ್ನೇ ನೋಡುತ್ತಿದ್ದೆ. ಕೊನೆಗೆ ಅದು ಅಲುಗಿತು. ನುಂಗಿದರು. ಆಮೇಲೆ ರಸ, ಗುಟುಕು ಗುಟುಕಾಗಿ.

ಕಣ್ಣು ಬಿಟ್ಟು ಮೊದಲು ಹಗ್ಗ ನೋಡಿಕೊಂಡರು.

"ನನ್ನ ಯಾಕೆ ಕಟ್ಟಾಕಿದ್ದೀಯೇ?"

ಅಲ್ಲಿಯವರೆಗೆ ಹಿಡಿದಿಟ್ಟದ್ದೆಲ್ಲ ಒಂದೇ ಸಲ ಆಚೆ ಬಂತು. "ಇನ್ಸುಲಿನ್ ಚುಚ್ಕೊಂಡು ಯಾರಾದ್ರೂ ಊಟ ಬಿಡ್ತಾರೇನ್ರೀ? ನನ್ ಮೇಲೆ ಕೋಪ ಇದ್ರೆ ನನ್ ಮೇಲೆ ತೀರಿಸ್ಕೊಳ್ಳಿ. ಸಾಯೋಕೆ ಹೊರಟಿದ್ರಾ? ಯಾಕ್ರೀ ತಿನ್ಲಿಲ್ಲ?"

ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ಇವತ್ತು ಶನಿವಾರ ಅಲ್ವೇನೇ? ರಾತ್ರಿ ಉಳ್ಕೊಳ್ಳೋ ಕಡೆ ಅನ್ನ ಮಾಡೋಕೆ ಹೇಳಿದ್ದೀನಿ ಅಂತ ನಿನ್ನೆ ಅಂದಿದ್ಯಲ್ಲ, ಒಪ್ಪತ್ತು ಅಲ್ಲೇ ಆಗ್ಲಿ ಅಂತ ಬಿಟ್ಟೆ. ನೀನೂ ಮೊಟ್ಟೆ ತಿಂದ್ಯಲ್ಲ, ಪರದೇಶ ಅಂತ ನಿನಗೆ ವಿನಾಯಿತಿ ಇರ್ಬೇಕು ಅಂದ್ಕೊಂಡೆ."

ಜೀವಮಾನದಲ್ಲಿ ನಾನು ಶನಿವಾರ ಮೊಟ್ಟೆ ಮುಟ್ಟಿದವಳಲ್ಲ. ಆ ಮುದುಕಿಗೆ ನಮ್ಮ ಮಾತು ಏನು ಅರ್ಥವಾಯಿತೋ, ನನ್ನ ಬೆನ್ನು ಸವರಿ, ಉಳಿದ ರಸವನ್ನು ನನಗೂ ಕುಡಿಸಿದಳು. ಹಗ್ಗದ ಕೊಕ್ಕೆಯನ್ನು ಅವಳ ಗಂಡನೇ ಬಿಚ್ಚಿದ.

ಪರ್ತ್‌ಗೆ ಮರಳಿದ ಮೊದಲ ಶನಿವಾರ ಮಧ್ಯಾಹ್ನ ಇವರು ಎಂದಿನಂತೆ ಉಂಡರು. ಸಂಜೆ ನಾನು ಮತ್ತೆ ಅನ್ನ ಮಾಡಿ, ಬಿಸಿ ಸಾರು ಹಾಕಿ, ಒಂದೇ ತಟ್ಟೆ ತಂದು ಅವರ ಮುಂದೆ ಇಟ್ಟೆ. ಇವರು ತಟ್ಟೆಯನ್ನೂ ನನ್ನನ್ನೂ ನೋಡಿದರು.

"ಹರಕೆ?"

"ಹೊತ್ತೋಳು ನಾನು. ಇನ್ಮೇಲೆ ನಾನೇ ತೀರಿಸ್ತೀನಿ."

ಇವರು ಅನ್ನ ಕಲಸತೊಡಗಿದರು.

"ನಿಂಗೂ ಶುಗರ್ ಬರೋವರೆಗೆ ನಡೀಲಿ ಬಿಡು" ಎಂದು, ಇನ್ನೊಂದು ಸೌಟು ಸಾರು ಕೇಳಿದರು.