ಕೂಕಟ್‌ಪಲ್ಲಿಯ ಶೆಡ್ಡಿನಲ್ಲಿ ಸ್ಪೇನಿನ ಕೋಟೆ

ಬೆಳಗಿನ ಐದೂವರೆ. ಕೂಕಟ್‌ಪಲ್ಲಿಯ ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡಿರುವ ತಗಡಿನ ಶೆಡ್ಡಿನಲ್ಲಿ ಅರವತ್ತೆಂಟರ ಮೌನಪ್ಪ ಬಡಿಗೇರ ಉಳಿ ಮಸೆಯುತ್ತಿದ್ದಾರೆ. ಮೊದಲ ಮೆಟ್ರೊ ಓಡುವುದರೊಳಗೆ ನಾಜೂಕಿನ ಕೆತ್ತನೆ ಮುಗಿಯಬೇಕು, ಅದು ಅವರ ಹಟ. "ಗದ್ದಲ ಶುರುವಾದ್ರ ಉಳಿ ಸಪ್ಪಳ ಕೇಳ್ಸೂದಿಲ್ರಿ. ಕಟಿಗಿ ಸೀಳಾಕತ್ತೈತೋ ಇಲ್ಲೋ ಅಂತ ಸಪ್ಪಳದಾಗ ಗೊತ್ತಾಗತೈತಿ" ಎನ್ನುತ್ತಾರೆ.

ಸುರಪುರ ಕಡೆಯ ಇವರು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ನಾಲ್ಕು ವರ್ಷ ದುಡಿದವರು. ಲೋಹದಲ್ಲಿ ಏನು ಬೇಕೋ ಅದನ್ನು ಮೊದಲು ಮರದಲ್ಲಿ ಕೆತ್ತಿಕೊಡುವುದು ಕೆಲಸ. ಆ ಮರವನ್ನು ಉಸುಕಿನಲ್ಲಿ ಒತ್ತಿ ತೆಗೆದು, ಕುಳಿಗೆ ಎರಕ ಹೊಯ್ಯುತ್ತಾರೆ. ಲೋಹ ಹೊರಗೆ ಹೋಗಿ ಮೆರೆಯುತ್ತದೆ, ಮರ ಮೂಲೆ ಸೇರುತ್ತದೆ. ಕೆತ್ತಿದವನನ್ನು ಯಾರು ಕೇಳಬೇಕು! ಈಗಂತೂ ಯಂತ್ರಗಳು ಬಂದು ಎರಡು ವರ್ಷದಿಂದ ಶೆಡ್ಡಿಗೆ ದೊಡ್ಡ ಕೆಲಸವೇ ಇರಲಿಲ್ಲ.

ಅಂಥದ್ದರಲ್ಲಿ ಬಂದದ್ದು ಈ ಕೋಟೆ. ಸ್ಪೇನಿನವರು ತಮ್ಮ ವಸಾಹತಿನ ಕಡಲಂಚಿನಲ್ಲಿ ಕಟ್ಟಿದ ಹಳೆಯ ಕೋಟೆಯೊಂದರ ಹಿತ್ತಾಳೆ ಮಾದರಿ; ಅಲ್ಲಿಗೆ ನೋಡಲು ಬರುವ ಅಂಧರು ಮುಟ್ಟಿ ತಿಳಿಯಲೆಂದು. ಮೌನಪ್ಪ ಸಮುದ್ರವನ್ನೇ ಕಂಡವರಲ್ಲ. ಆದರೂ ನಕ್ಷೆ, ಫೋಟೊ ಮುಂದಿಟ್ಟುಕೊಂಡು ನಾಲ್ಕು ತಿಂಗಳಲ್ಲಿ ಚೂಪು ಮೂಲೆಯ ಬುರುಜುಗಳು, ಬಾಗಿಲ ಮೇಲಿನ ರಾಜಲಾಂಛನ, ಪುಟ್ಟ ಚರ್ಚು, ಕಡಲಿಗೆ ಮುಖಮಾಡಿದ ಕಾವಲು ಗೂಡು, ಎಲ್ಲವನ್ನೂ ಸಾಗುವಾನಿಯಲ್ಲಿ ಕೆತ್ತಿ ನಿಲ್ಲಿಸಿದರು.

ಆಮೇಲೆ ಶುರುವಾಯಿತು ನೋಡಿ ತಕರಾರು. ಮಾದರಿಯ ಹೊಣೆ ಹೊತ್ತಿದ್ದ ಬೀದರ್ ಕಡೆಯ ವಾಸ್ತುಶಿಲ್ಪಿ ಹರ್ಷದಾ ಟೇಪು ಹಿಡಿದವರೇ ಹೌಹಾರಿದರು. ಒಂದು ಮೀಟರ್ ಇರಬೇಕಾದ ಕೋಟೆ ಹದಿನೈದು ಮಿಲಿಮೀಟರ್ ಹೆಚ್ಚಿತ್ತು. "ಕಾಕಾ, ಅಲ್ಲಿ ಕಲ್ಲಿನ ಕಟ್ಟಿ ಕೊರದು ಇಟ್ಟಾರ. ಇದು ಅದರಾಗ ಕೂಡೂದಿಲ್ರಿ. ನಾ ಮಷೀನಿಗೇ ಕೊಡತೀನಿ" ಎಂದರು.

"ಬಿಸಿ ಹಿತ್ತಾಳಿ ಆರಿದ್ರ ಕುಗ್ಗತೈತಿ ತಂಗಿ" ಎಂದರು ಮೌನಪ್ಪ. "ಅದಕ್ಕ ನಮ್ಮ ಎರಕದ ಸ್ಕೇಲಿನಾಗ ಗೆರಿ ಆ ಕುಗ್ಗೂವಷ್ಟು ದೂರ ದೂರ ಇರತಾವ. ಒಮ್ಮೆ ಎರಕ ಹೊಯ್ಸು. ಕೂಡಲಿಲ್ಲಂದ್ರ ಈ ಕೋಟಿ ನಾನ ಒಲಿಗೆ ಹಾಕಿ, ಶೆಡ್ಡಿಗೆ ಬೀಗ ಜಡೀತೀನಿ."

ಫೌಂಡ್ರಿಗೆ ಒಯ್ದು ಹೊಯ್ಸಿದರು. ಎರಡು ದಿನ ಆರಲು ಬಿಟ್ಟರು. ಕಲ್ಲಿನ ಕಟ್ಟೆಯದೇ ಅಳತೆಯ ಚೌಕಟ್ಟಿನೊಳಗೆ ಆರು ಜನ ಎತ್ತಿ ಇಳಿಸಿದರೆ, ಅಬ್ಬಬ್ಬಾ, ಕೋಟೆ ಹೋಗಿ ಕುಳಿತೇಬಿಟ್ಟಿತು! ಇಡೀ ಫೌಂಡ್ರಿ ಚಪ್ಪಾಳೆ ಹೊಡೆಯಿತು. "ತಪ್ಪಾತ್ರಿ ಕಾಕಾ" ಎಂದು ಹರ್ಷದಾ ಮೌನಪ್ಪನವರ ಎರಡೂ ಕೈ ಹಿಡಿದುಕೊಂಡರು. ಶೆಡ್ಡಿಗೆ ಈಗ ಇನ್ನೆರಡು ಕೋಟೆಗಳ ಕೆಲಸ ಬಂದಿದೆ.

ಹಿತ್ತಾಳೆ ಕೋಟೆ ಇಂದು ಹಡಗಿಗೆ ಹೊರಟಿದೆ. "ನಿಮ್ಮ ಹೆಸರು ಎಲ್ಲಿ ಹಾಕಸೋಣ್ರಿ ಕಾಕಾ?" ಎಂದು ಹರ್ಷದಾ ಕೇಳುತ್ತಾರೆ. ಮೌನಪ್ಪ ಕಿಸಕ್ಕನೆ ನಕ್ಕು, ಅವರ ಬೆರಳನ್ನು ಕಾವಲು ಗೂಡಿನ ಹಿಂದಿನ ಸಂದಿಗೆ ಒಯ್ಯುತ್ತಾರೆ. ಅಲ್ಲಿ ಗೋಡೆಯ ಮೇಲೆ 'ಮೌ' ಎಂಬ ಪುಟ್ಟ ಅಕ್ಷರ ಉಬ್ಬಿ ನಿಂತಿದೆ.

"ಆಗಲೇ ಹಾಕೀನಿ ತಂಗಿ. ಕಣ್ಣಿದ್ದವರಿಗೆ ಕಾಣೂದಿಲ್ಲ, ಬಿಡು. ಕೈಲೆ ನೋಡವರಿಗೆ ಸಿಗತೈತಿ."